ವಿಭೂತಿಗಟ್ಟಿ ಮತ್ತು ಕಲರ್ ಟೀವಿ

ನಮ್ಮ ಸೋದರಮಾವ ಬಿಳಿ ಬಣ್ಣವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಎಂದರೆ ನೀವು ನಗುತ್ತೀರಿ. ನಗಬಹುದು, ಅರ್ಧ ರಾಯಚೂರು ಆಗಲೇ ನಕ್ಕು ಮುಗಿಸಿದೆ. ಆದರೆ ಮಾತು ನಿಜ. ಬೇರೆ ಗಂಡಸರು ಜೇಬಿನಲ್ಲಿ ಬೀಡಿಕಟ್ಟೋ ಬಸ್ಸಿನ ಹಳೇ ಟಿಕೀಟೋ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಈತನ ಜೇಬಿನಲ್ಲಿ ಎಲೆ ಅಡಿಕೆಯ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅದರೊಳಗೆ ಒಂದು ವಿಭೂತಿಗಟ್ಟಿ, ಒಂದು ಒಣಮೆಣಸಿನಕಾಯಿ, ಒಂದು ಅರಿಶಿಣದ ಕೊಂಬು, ಅವತ್ತೇ ತಂದ ಒಂದು ವೀಳ್ಯದೆಲೆ. ಎಲೆಯನ್ನು ಅವನು ತಿನ್ನುತ್ತಿರಲಿಲ್ಲ. ವಿಭೂತಿಯನ್ನು ಹಚ್ಚಿಕೊಳ್ಳುತ್ತಿರಲಿಲ್ಲ, ಹಣೆಗೆ ಬೇರೆ ಗಟ್ಟಿ ಇತ್ತು. ಹಾಗಾದರೆ ಇಷ್ಟೆಲ್ಲ ಸಾಮಾನು ಯಾರಿಗೆ? ಕಲರ್ ಟೀವಿಗೆ!

ಊರಿಗೆ ಕಲರ್ ಟೀವಿ ಬಂದ ಹೊಸದು. ಸಂಜೆ ಕಾರ್ಯಕ್ರಮ ಶುರುವಾಗುವ ಮೊದಲು ಪರದೆಯ ಮೇಲೆ ಬಣ್ಣದ ಉದ್ದುದ್ದ ಪಟ್ಟಿಗಳು ಬಂದು ನಿಲ್ಲುತ್ತಿದ್ದವು. ನಾವೆಲ್ಲ ಅವು ಯಾವಾಗ ಹೋಗುತ್ತವೆ ಎಂದು ಕಾಯುವವರು. ಮಾವ ಅವುಗಳನ್ನು ನೋಡಲೆಂದೇ ಬರುವವನು. ಬಿಳಿ ಪಟ್ಟಿಯ ಪಕ್ಕಕ್ಕೆ ವಿಭೂತಿಗಟ್ಟಿ ಹಿಡಿಯುವನು, ಕೆಂಪಿನ ಪಕ್ಕಕ್ಕೆ ಮೆಣಸಿನಕಾಯಿ, ಹಳದಿಗೆ ಅರಿಶಿಣ, ಹಸಿರಿಗೆ ಎಲೆ. ಆಮೇಲೆ ಟೀವಿಯ ಕಿವಿ ಹಿಂಡಲು ಶುರು. ಪರದೆಯ ಕೆಳಗೆ ಸಣ್ಣ ಮುಚ್ಚಳದೊಳಗೆ ಗುಂಡಿಗಳಿರುತ್ತಿದ್ದವಲ್ಲ: ಬೆಳಕಿಗೊಂದು, ಬಣ್ಣಕ್ಕೊಂದು, ಕೆಲವು ಟೀವಿಗಳಲ್ಲಿ ಇಡೀ ಚಿತ್ರವನ್ನು ಕೆಂಪಿನ ಕಡೆಗೋ ನೀಲಿಯ ಕಡೆಗೋ ಎಳೆಯಲು ಇನ್ನೊಂದು. ಆ ಕೊನೆಯ ಗುಂಡಿಯ ಮೇಲೆಯೇ ಮಾವನ ಮಮತೆ.

"ಕಣ್ಣು ನಂಬಬ್ಯಾಡಲೇ ಅಳಿಯಾ," ಎನ್ನುತ್ತಿದ್ದ ನನಗೆ. "ಕಣ್ಣಿಗೆ ಲಗೂನ ರೂಢಿ ಬೀಳತದ. ದಿನಾ ಹಳದಿ ತೋರಿಸಿದ್ರ ಹಳದೀನ ಬಿಳಿ ಅಂತದ. ಅದಕ್ಕ ಬಾಜೂಕ ಒಂದು ಖರೇ ಬಿಳಿ ಇಟಗೋಬೇಕು. ಈಬತ್ತಿಗಿಂತ ಖರೇ ಬಿಳಿ ಯಾವುದದ ಹೇಳು?"

ಈಬತ್ತಿ ಎಂದರೆ ನಮ್ಮ ಕಡೆಯ ಬಾಯಲ್ಲಿ ವಿಭೂತಿ. ಅದರ ಬಿಳುಪಿನ ಬಗ್ಗೆ ವಾದ ಮಾಡುವಷ್ಟು ಧೈರ್ಯ ನನಗಿರಲಿಲ್ಲ.

ಅವನ ಬಗ್ಗೆ ಊರಲ್ಲಿ ಓಡಾಡುವ ಕತೆಗಳು ಬಹಳ. ನಾನು ಕಣ್ಣಾರೆ ಕಂಡದ್ದನ್ನು, ಇಲ್ಲವೇ ಕಂಡವರ ಬಾಯಿಂದಲೇ ಕೇಳಿದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಉತ್ಪ್ರೇಕ್ಷೆಗೆ ಜಾಗವಿಲ್ಲ, ಏಕೆಂದರೆ ಆ ಜಾಗವನ್ನೆಲ್ಲ ಮಾವನೇ ತುಂಬಿದ್ದಾನೆ.

ಈ ಹುಚ್ಚಿನ ಮೂಲ ದೇವದುರ್ಗದಲ್ಲಿದೆ. ಎಪ್ಪತ್ತರ ದಶಕದಲ್ಲಿ ಮಾವ ಅಲ್ಲಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದ. ಸಣ್ಣ ಕುಂಚ, ನೀರಿನ ಬಟ್ಟಲು, ಬಣ್ಣದ ಬಿಲ್ಲೆಗಳು. ಬೇರೆ ಕಡೆ ಎಲ್ಲರ ತುಟಿಗೂ ಒಂದೇ ಕೆಂಪು, ಎಲ್ಲರ ಕೆನ್ನೆಗೂ ಒಂದೇ ಗುಲಾಬಿ. ಮಾವನದು ಹಾಗಲ್ಲ. ಒಮ್ಮೆ ಕಲ್ಲೂರಿನವರು ತೀರಿಕೊಂಡ ತಮ್ಮ ಹಿರಿಯರ ಫೋಟೋ ತಂದುಕೊಟ್ಟು ಹೋದರು. ರುಮಾಲಿನ ಬಣ್ಣ ಹೇಳುವುದನ್ನು ಮರೆತಿದ್ದರು. ಮತ್ತೊಬ್ಬನಾಗಿದ್ದರೆ ಕೆಂಪು ಬಳಿದು ಕೈ ತೊಳೆದುಕೊಳ್ಳುತ್ತಿದ್ದ. ಮಾವ ಬಸ್ಸು ಹಿಡಿದು ಕಲ್ಲೂರಿಗೇ ಹೋದ. ಆ ಮನೆಯ ಅಜ್ಜಿ ಗೂಟಕ್ಕಿದ್ದ ರುಮಾಲು ತೆಗೆದು ತೋರಿಸಿದಳು. ಮಾವ ಅದನ್ನು ಅಂಗಳದ ಬಿಸಿಲಿಗೆ ತಂದು ಒಳಮಡಿಕೆ ಬಿಚ್ಚಿದ. ಒಳಗೆ ಗುಲಾಬಿ, ಹೊರಗೆ ಮಣ್ಣಿನ ಬಣ್ಣ.

"ಯವ್ವಾ, ಯಾವ ಬಣ್ಣ ಹಚ್ಚಲಿ? ಹೊಸಾದಿದ್ದಾಗಿನದೋ, ಬಿಸಲಿಗೆ ಮಾಸಿದ್ದೋ?"

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳಂತೆ. "ಅಂವ ಹೊಸಾ ರುಮಾಲು ಸುತ್ತಿದ್ದು ಲಗ್ನದ ದಿನ ಒಂದ ಯಪ್ಪಾ. ಮಾಸಿದ್ದ ಹಚ್ಚು. ಇಲ್ಲಂದ್ರ ಯಾರದೋ ಗಂಡನ್ನ ಗ್ವಾಡಿಗೆ ನೇತು ಹಾಕಿದಂಗ ಆಗತದ."

ಮಾವ ಹಾಗೆಯೇ ಹಚ್ಚಿದ. ಅವರು ಮೆಚ್ಚಿದರು. ಸ್ಟುಡಿಯೋ ಮಾಲೀಕ ಮಾತ್ರ ಮೆಚ್ಚಲಿಲ್ಲ, ಏಕೆಂದರೆ ಅವನ ವ್ಯಾಪಾರ ನಡೆಯುತ್ತಿದ್ದುದು ಮದುವೆಗೆ ಬಂದ ಹುಡುಗಿಯರ ಫೋಟೋದಿಂದ. ಕಪ್ಪು ಹುಡುಗಿ ಕೆಂಪಾಗಬೇಕು, ಕೆಂಪು ಹುಡುಗಿ ಬೆಳ್ಳಗಾಗಬೇಕು. ಮಾವ ಹುಡುಗಿಯನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ನೋಡಿ, ಕಂಡದ್ದನ್ನು ಕಂಡ ಹಾಗೆ ಹಚ್ಚಿಬಿಡುತ್ತಿದ್ದ. ಹುಡುಗಿಯ ತಂದೆಯೊಬ್ಬ ಫೋಟೋ ಹಿಡಿದುಕೊಂಡು ಬಂದು, "ನಮ್ಮ ಹುಡುಗಿ ಇಷ್ಟು ಕರ್ರಗ ಅದಾಳೇನ್ರೀ?" ಎಂದು ಕೂಗಾಡಿದ. ಮಾವ ಶಾಂತವಾಗಿ, "ಇಲ್ರೀ, ಇದಕ್ಕಿಂತ ಒಂದು ಎಳಿ ಹೆಚ್ಚು ಅದಾಳ. ಬಣ್ಣ ತೀರಿತ್ತು," ಎಂದ. ಕೆಲಸ ಅವತ್ತೇ ಹೋಯಿತು.

ಇಂಥವನು ತನ್ನ ಮದುವೆಯ ಫೋಟೋಕ್ಕಾದರೂ ಸ್ವಲ್ಪ ಕನಿಕರ ತೋರಿಸಬೇಡವೇ? ಮಲ್ಲಟದ ಕಡೆಯ ಒಂದು ಸಂಬಂಧಕ್ಕೆ ನಮ್ಮ ಅವ್ವ ಇವನ ಫೋಟೋ ಕೇಳಿದಳು. ಮಾವ ಕನ್ನಡಿ ಎದುರಿಗಿಟ್ಟುಕೊಂಡು ತನ್ನ ಫೋಟೋಕ್ಕೆ ತಾನೇ ಬಣ್ಣ ಹಚ್ಚಿದ. ಕಪ್ಪು ಕಪ್ಪಾಗಿಯೇ ಬಂತು. ಸಿಡುಬಿನ ಕಲೆಗಳಿಗೆ ಒಂದೊಂದಕ್ಕೂ ಒಂದೊಂದು ನೆರಳು. ಫೋಟೋ ಹೋದಷ್ಟೇ ಬೇಗ ವಾಪಸು ಬಂತು. ಅವ್ವ ಅತ್ತಳು. ಮಾವ ಫೋಟೋವನ್ನು ಬೆಳಕಿಗೆ ಹಿಡಿದು, "ಕೆಲಸ ಮಾತ್ರ ಬರೋಬ್ಬರಿ ಆಗೇದ ನೋಡಕ್ಕ," ಎಂದ. ಮತ್ತೆ ಅವನು ಯಾರಿಗೂ ಫೋಟೋ ಕಳಿಸಲಿಲ್ಲ.

ಹೀಗೆ ಒಬ್ಬನೇ ರಾಯಚೂರಿಗೆ ಬಂದ. ಅಂಗಡಿಗಳ ಬೋರ್ಡು ಬರೆಯುತ್ತ, ಹಿಟ್ಟಿನ ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ಇರತೊಡಗಿದ. ನಾನೂ ಅದೇ ಊರಲ್ಲಿ ನೌಕರಿಯಲ್ಲಿದ್ದೆ. ಮನೆಗೇ ಬಂದು ಇರು ಎಂದರೆ ಕೇಳುತ್ತಿರಲಿಲ್ಲ. ಆ ಕೋಣೆಗೆ ನಾನು ಹೋದಾಗಲೆಲ್ಲ ಒಂದು ಚಾಪೆ, ಒಂದು ತಂಬಿಗೆ, ಸುಣ್ಣದ ಗೋಡೆ. ಹಗಲೆಲ್ಲ ಗಿರಣಿಯ ಸದ್ದು. ಸಂಜೆ ಗಿರಣಿ ನಿಂತ ಕೂಡಲೇ ಆ ಕೋಣೆಯಲ್ಲಿ ಎಂಥ ಮೌನ ತುಂಬುತ್ತಿತ್ತೆಂದರೆ, ಐದು ನಿಮಿಷ ಕೂತಿದ್ದರೆ ನನಗೇ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತಿತ್ತು. ಮಾವ ದಿನವೂ ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದ. ಆದರೆ ಎಲ್ಲಿಗೆ? ಕಲರ್ ಟೀವಿ ಬರುವವರೆಗೆ ಅವನಿಗೆ ಅದಕ್ಕೊಂದು ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಅಕ್ಕಿ ಮಿಲ್ಲಿನ ಸಾಹುಕಾರರ ಮನೆಯಲ್ಲಿ. ಆ ಓಣಿಗೆ ಮೊದಲ ಕಲರ್ ಟೀವಿ ತಂದವರು ಅವರೇ. ಮಿಲ್ಲಿನ ಬೋರ್ಡು ಬರೆದವನು ಮಾವ, ಬಣ್ಣ ಬಲ್ಲವನು ಎಂದು ಕರೆಸಿದ್ದರು. ನಾನೂ ಜೊತೆಗಿದ್ದೆ. ಮಾವ ಪರದೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಡಬ್ಬಿ ತೆರೆದು, ಒಂದು ಕೈಯಲ್ಲಿ ವಿಭೂತಿಗಟ್ಟಿ, ಇನ್ನೊಂದು ಕೈಯಲ್ಲಿ ಮೆಣಸಿನಕಾಯಿ ಹಿಡಿದು ಟೀವಿಯನ್ನೇ ದಿಟ್ಟಿಸುತ್ತಿದ್ದ. ಆಗ ದೇವರ ಮನೆಯಿಂದ ಸಾಹುಕಾರರ ತಾಯಿ ಹೊರಗೆ ಬಂದರು. ಊರೆಲ್ಲ ಅವರನ್ನು ಅವ್ವಾರು ಎನ್ನುತ್ತಿತ್ತು. ಮಾವನ ಭಂಗಿ ಕಂಡು ಅವರ ಮುಖ ಅರಳಿತು.

"ಚಲೋ ಮಾಡಿದಿ ತಮ್ಮಾ. ಹೊಸಾ ವಸ್ತು, ಓಣಿ ಕಣ್ಣೆಲ್ಲಾ ಇದರ ಮ್ಯಾಲೇ ಅದಾವ. ನಮ್ಮ ಮನ್ಯಾಗ ಯಾರಿಗೂ ಇದು ಹೊಳೀಲಿಲ್ಲ ನೋಡು."

ಏನು ಹೊಳೆಯಲಿಲ್ಲ ಎಂದು ಮಾವ ಕೇಳುವಷ್ಟರಲ್ಲಿ ಅವ್ವಾರು ಅವನ ಕೈಯ ಮೆಣಸಿನಕಾಯಿ ಇಸಕೊಂಡು ಟೀವಿಗೆ ಸುತ್ತಲೂ ನಿವಾಳಿಸಿ ಇಳಿ ತೆಗೆದು, ಒಳಗೆ ಹೋಗಿ ಒಲೆಗೆ ಹಾಕಿಬಿಟ್ಟರು. ಮಾವನ ಕೆಂಪು ಬಣ್ಣ ಒಲೆಯಲ್ಲಿ ಉರಿದುಹೋಯಿತು! ಘಾಟು ಬಂದರೆ ದೃಷ್ಟಿ ತಾಕಿಲ್ಲ, ಬರದಿದ್ದರೆ ತಾಕಿದೆ ಎಂದು ಲೆಕ್ಕವಷ್ಟೆ. ಎಲ್ಲರೂ ಕಾದೆವು. ಯಾರೂ ಕೆಮ್ಮಲಿಲ್ಲ.

"ನೋಡ್ರಿ, ಎಷ್ಟು ದೃಷ್ಟಿ ಆಗಿತ್ತು," ಎಂದರು ಅವ್ವಾರು.

"ಹಳೇ ಮೆಣಸಿನಕಾಯಿರೀ ಅವ್ವಾರ, ಘಾಟು ಹೋಗಿ ಬಾಳ ದಿವಸ ಆತು," ಎಂದ ಮಾವ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವಾರು ಟೀವಿಯ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದರು. ಮಾವ ಕೊನೆಗೆ ತಿರುವಿ ನಿಲ್ಲಿಸಿದ್ದ ಗುಂಡಿಗೆ, ಅದು ನಿಂತ ಜಾಗಕ್ಕೇ, ಒಂದು ಕುಂಕುಮದ ಚುಕ್ಕೆ ಇಟ್ಟು ಕೈ ಮುಗಿದರು. ನನಗೆ ಆಗ ನಗು ಬಂದಿತ್ತು.

ಅಲ್ಲಿಂದ ಮುಂದೆ ಯಾರು ಕಲರ್ ಟೀವಿ ತಂದರೂ ಮಾವನನ್ನು ಕರೆಯುವುದು ರೂಢಿಯಾಯಿತು. ಬಣ್ಣಕ್ಕೆ ಕರೆಯುತ್ತಾರೋ ದೃಷ್ಟಿಗೆ ಕರೆಯುತ್ತಾರೋ ಮಾವನಿಗೂ ಗೊತ್ತಿರಲಿಲ್ಲ. ಅವನು ಡಬ್ಬಿಯಲ್ಲಿ ಒಂದು ಮೆಣಸಿನಕಾಯಿ ಹೆಚ್ಚಿಗೆ ಇಟ್ಟುಕೊಳ್ಳತೊಡಗಿದ, ಅಷ್ಟೇ. ಸರಿ ಮಾಡಿದ ಟೀವಿ ಸರಿಯಾಗಿಯೇ ಉಳಿದಿದೆಯೇ ಎಂದು ನೋಡಲು ಸಂಜೆಗೊಂದು ಮನೆ. ಮಂಡಕ್ಕಿ ಒಗ್ಗರಣಿ ಕೊಡುವರು, ಮಿರ್ಚಿ ಕೊಡುವರು, ಗೋಡೆಯ ಪಕ್ಕದ ಕುರ್ಚಿ ಕೊಡುವರು. ಸುದ್ದಿ ಓದುವವರು ಬಂದರೆ ಇವನು ನಾಡಿ ನೋಡುವ ವೈದ್ಯನಾಗುವನು. "ಈಯಮ್ಮಗ ಕಾಮಾಲಿ ಆಗೇದ, ಜರಾ ನೀಲಿ ಕೊಡ್ರಿ." "ಈ ಮನಶ್ಯಾಗ ಥಂಡಿ ಹತ್ತೇದ, ಕೆಂಪು ಕೊಡ್ರಿ." ದಿಲ್ಲಿಯಲ್ಲಿ ಕೂತವರ ರೋಗಗಳೆಲ್ಲ ರಾಯಚೂರಿನಲ್ಲಿ ವಾಸಿಯಾಗುತ್ತಿದ್ದವು.

ಇಷ್ಟಾಗಿಯೂ ಅವನ ಕೋಣೆಯಲ್ಲಿ ಟೀವಿ ಇರಲಿಲ್ಲ. ಒಂದು ಹಳೆಯದನ್ನಾದರೂ ತಂದುಕೊಡುತ್ತೇನೆ ಎಂದೆ. "ಬ್ಯಾಡಲೇ," ಎಂದ. "ಟೀವಿ ಇದ್ರ ಮನ್ಯಾಗ ಕುಂದರಬೇಕಾಗತದ."

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಲೋಕ ಹಳದಿಯಾಗತೊಡಗಿತು. ಅಂದರೆ, ಮಾವನಿಗೆ.

ಮೊದಲು ಜಗಳ ಬಿದ್ದದ್ದು ಹಾಲಿನ ಯಲ್ಲವ್ವನ ಜೊತೆ. "ಹಾಲಿನ್ಯಾಗ ಅರಿಶಿಣ ಕಲಸಾಕತ್ತೀಯೇನ ಬೇ?" ಎಂದು ಕೇಳಿದ. ಅವಳು ಕೊಡ ಇಳಿಸಿ, "ಯಪ್ಪಾ, ನೀರು ಕಲಸಾಕತ್ತೀಯೇನ ಅಂತ ಕೇಳು, ತಲಿ ಬಗ್ಗಸತೀನಿ. ಅರಿಶಿಣ ಎಲ್ಲಿಂದ ತರ್ಲಿ?" ಎಂದಳು. ಅನಂತರ ಪೂಜೆ ಸಾಮಾನಿನ ಅಂಗಡಿಯವನ ಸರದಿ. ವಿಭೂತಿಯಲ್ಲಿ ಕಲಬೆರಕೆ, ಗಟ್ಟಿಯೆಲ್ಲ ಹಳದಿ ತಿರುಗಿದೆ ಎಂದು ಮಾವನ ತಕರಾರು. ಎಷ್ಟು ಗಟ್ಟಿ ಬದಲಿಸಿಕೊಟ್ಟರೂ ಒಪ್ಪಲಿಲ್ಲ. ಕೊನೆಗೆ ತನ್ನ ಡಬ್ಬಿಯಲ್ಲಿದ್ದ ಗಟ್ಟಿಯನ್ನೂ ಬಾವಿಗೆ ಬಿಟ್ಟುಬಿಟ್ಟ. "ಇಷ್ಟು ವರ್ಷದ ಬಿಳಿ ನನ್ನ ಕಣ್ಣಾಗ ಕುಂತದ. ಗಟ್ಟಿ ಯಾಕ ಬೇಕು?" ಎಂದ.

ಕಣ್ಣು ನಂಬಬೇಡ ಎಂದು ನನಗೆ ಹೇಳಿದ್ದವನು ಇವನೇ. ಅವನ ಕಣ್ಣಿಗೆ ನಿಧಾನವಾಗಿ ಪೊರೆ ಬರುತ್ತಿತ್ತು. ಪೊರೆ ಕವಿದ ಕಣ್ಣಿಗೆ ಎಲ್ಲವೂ ಹಳದಿ. ಪಕ್ಕದಲ್ಲಿ ಗಟ್ಟಿ ಇದ್ದಿದ್ದರೆ ಟೀವಿಯೂ ಗಟ್ಟಿಯೂ ಒಂದೇ ಸಮ ಹಳದಿಯಾಗಿ ಕಂಡು ಲೆಕ್ಕ ಸರಿಹೋಗುತ್ತಿತ್ತು. ಈಗ ಗಟ್ಟಿ ಬಾವಿಯಲ್ಲಿತ್ತು. ಮಾವ ಹೋದ ಹೋದ ಮನೆಯಲ್ಲಿ ಹಳದಿ ಕಳೆಯಲೆಂದು ಗುಂಡಿಯನ್ನು ನೀಲಿಯ ಕಡೆಗೆ ತಿರುಗಿಸತೊಡಗಿದ. ಇವತ್ತು ಒಂದು ಎಳೆ, ಮುಂದಿನ ಸಲ ಇನ್ನೊಂದು ಎಳೆ. ಸುದ್ದಿ ಓದುವವರು ಬಾವಿಗೆ ಬಿದ್ದು ಎದ್ದು ಬಂದವರಂತೆ ಕಾಣತೊಡಗಿದರು. ಅವನ ಧೋತರದ ಕತೆಯೂ ಅದೇ. ಬಟ್ಟೆ ಒಗೆದ ಮೇಲೆ ನೀರಿಗೆ ಚಿಟಿಕೆ ನೀಲಿ ಹಾಕುತ್ತೇವಲ್ಲ, ಅವನು ಮುಷ್ಟಿಗಟ್ಟಲೆ ಹಾಕುತ್ತಿದ್ದ. ಬಿಳಿ ಧೋತರವೆಂದು ಉಟ್ಟುಕೊಂಡು, ಆಕಾಶದ ಬಣ್ಣದಲ್ಲಿ, ಎದೆ ಸೆಟೆಸಿ ಓಣಿಯಲ್ಲಿ ಬರುತ್ತಿದ್ದ.

ಎಲ್ಲರಿಗೂ ತಿಳಿಯಿತು. ಹೇಳುವವರು ಯಾರು? ನಾನು ಅವ್ವಾರನ್ನು ಕೇಳಿದೆ.

"ಹೇಳಿದ್ರ ನಾಳಿಂದ ಬರೂದು ಬಿಡತಾನ," ಎಂದರು.

"ಬಿಟ್ರ ಬಿಡಲಿ, ಆದ್ರ ಕಣ್ಣು..."

"ಕಣ್ಣಿಗೆ ಡಾಕ್ಟರ್ ಅದಾರ. ಆದ್ರ ಹೊತ್ತು ಮುಣುಗಿದ ಮ್ಯಾಲೆ ಅಂವ ಎಲ್ಲಿ ಹೋಗಬೇಕು, ಹೇಳು?"

ಗಿರಣಿ ನಿಂತ ಮೇಲಿನ ಆ ಕೋಣೆಯ ಮೌನ ನನಗೆ ಗೊತ್ತಿತ್ತು.

ಅವ್ವಾರು ಒಂದು ಉಪಾಯ ಹೂಡಿದರು. ಮಾವ ನೀಲಿಗೆ ತಿರುವಿ ಹೋದ ಜಾಗಕ್ಕೆ ವಿಭೂತಿಯಿಂದ ಒಂದು ಗೆರೆ ಎಳೆದಿಟ್ಟರು. ಉಳಿದ ಹೊತ್ತು ಗುಂಡಿ ಕುಂಕುಮದ ಚುಕ್ಕೆಯ ಮೇಲೆ. ಮಾವನ ಚಪ್ಪಲಿ ಸದ್ದು ಕೇಳಿತೆಂದರೆ ವಿಭೂತಿಯ ಗೆರೆಯ ಮೇಲೆ. ಈ ಉಪಾಯ ಓಣಿಗೇ ಹಬ್ಬಿತು. ಕೆಲವರು ಸುಣ್ಣದಿಂದ, ಕೆಲವರು ಸೂಜಿಯಿಂದ ಗುರುತು ಮಾಡಿಕೊಂಡರು. ನಮ್ಮ ಮನೆಯಲ್ಲಿ ಪೆನ್ಸಿಲ್ಲು. ನಾನು ಒಂದು ಸಂಜೆ ಮಾವನ ಹಿಂದೆ ಸ್ವಲ್ಪ ದೂರದಲ್ಲಿ ನಡೆದು ಬರುತ್ತಿದ್ದೆ. ಅವನು ಓಣಿಯ ಬಾಯಿಗೆ ಬಂದ. ಒಂದು ಮನೆಯ ಕಿಟಕಿ ನೀಲಿಯಾಯಿತು. ಎದುರು ಮನೆಯದೂ ನೀಲಿಯಾಯಿತು. ಅವನು ಮುಂದೆ ಮುಂದೆ ನಡೆದಂತೆ ಕಿಟಕಿಗಳು ಒಂದೊಂದಾಗಿ ನೀಲಿಯಾಗುತ್ತ ಹೋದವು. ಅವನು ಯಾವ ಮನೆಗೆ ಹೋಗುತ್ತಾನೋ ಯಾರಿಗೆ ಗೊತ್ತು? ಎಲ್ಲರೂ ತಯಾರಾಗಿದ್ದರು. ನಾನು ಅಲ್ಲೇ ಬೇವಿನ ಮರದ ಕೆಳಗೆ ನಿಂತುಬಿಟ್ಟೆ.

ಕಣ್ಣು ಬರಬರುತ್ತ ಮಬ್ಬಾಯಿತು. ನನ್ನ ಹೆಂಡತಿ ಬಡಿಸಿದ ಪಲ್ಯ ಕಾಣದೆ ಮಾವ ರೊಟ್ಟಿಯಿಂದ ಬರೀ ಗಂಗಾಳ ಒರೆಸಿದ ದಿನ ಅವಳು ನನ್ನ ಮುಖ ನೋಡಿದಳು. ಮಾನ್ವಿಯಲ್ಲಿ ಕಣ್ಣಿನ ಕ್ಯಾಂಪ್ ನಡೆದಾಗ ಅವನನ್ನು ಕರೆದೊಯ್ದೆ. ಬಸ್ಸಿನುದ್ದಕ್ಕೂ ಅವನದು ಒಂದೇ ಮಾತು: "ಮಬ್ಬು ಅಷ್ಟ ಲೇ. ಬಣ್ಣ ಮಾತ್ರ ಬರೋಬ್ಬರಿ ಕಾಣಿಸತಾವ." ಡಾಕ್ಟರು ನೋಡಿ, ಈಗ ಒಂದು ಕಣ್ಣು, ಇನ್ನೊಂದು ಮುಂದಿನ ಕ್ಯಾಂಪಿಗೆ ಎಂದರು.

ಶಸ್ತ್ರಚಿಕಿತ್ಸೆಯಾದ ಮೇಲೆ ಅವನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಪಟ್ಟಿ ಬಿಚ್ಚಿದರು, ಗಾಯ ಮಾಯಿತು, ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಬೆಳಿಗ್ಗೆಯ ಹೊತ್ತು. ಮಾವ ಕನ್ನಡಕ ಹಾಕಿಕೊಂಡು ಹಿತ್ತಲಿನ ಬಾಗಿಲಲ್ಲಿ ನಿಂತ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು.

"ಅದು ಯಾರದ್ದಲೇ, ಆ ನೀಲಿ ಧೋತರ?"

ನನ್ನ ಹೆಂಡತಿ ಕೈಯಲ್ಲಿದ್ದ ಬಕೀಟು ಕೆಳಗಿಟ್ಟಳು. "ನಿಮ್ದ ರೀ ಮಾವಾರ," ಎಂದಳು.

ಅವನು ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದ. ಆಮೇಲೆ ಇನ್ನೊಂದಕ್ಕೆ ಹಿಡಿದು ನೋಡಿದ. ಮತ್ತೆ ಮೊದಲಿನದಕ್ಕೆ. ಒಂದು ಕಣ್ಣಿಗೆ ನೀಲಿ, ಒಂದು ಕಣ್ಣಿಗೆ ಬಿಳಿ. ಅವನು ಬಣ್ಣ ಬಲ್ಲವನು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಗ್ಗದ ತನಕ ಹೋಗಿ ಧೋತರದ ಅಂಚನ್ನು ಬೆರಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತ. ಅವನ ಬೆನ್ನಷ್ಟೇ ನನಗೆ ಕಾಣುತ್ತಿತ್ತು.

"ಮತ್ತ ಟೀವಿಗೋಳು?" ಎಂದ, ತಿರುಗದೆ.

ನಾನು ಹೆಂಡತಿ ಕೆಳಗಿಟ್ಟಿದ್ದ ಬಕೀಟು ಎತ್ತಿಕೊಂಡು ಒಳಗೆ ಹೋದೆ. ಅದೇ ಉತ್ತರವಾಯಿತು.

ಅವತ್ತೇ ತನ್ನ ಕೋಣೆಗೆ ಹೋದ. ಸಂಜೆ ಹೊರಗೆ ಬರುವುದನ್ನು ನಿಲ್ಲಿಸಿದ. ಹೋಗಿ ಕರೆದರೆ, "ಯಾವ ಮಾರಿ ಇಟಗೊಂಡು ಬರ್ಲಿ? ಮಂದಿ ಮನಿ ಟೀವಿ ಕೆಡಿಸಿ ಅವರ ಮಿರ್ಚಿ ತಿಂದು ಬಂದೀನಿ," ಎನ್ನುತ್ತಿದ್ದ. ಗಿರಣಿ ನಿಲ್ಲುತ್ತಿತ್ತು. ಅವನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ. ಓಣಿಯ ಕಿಟಕಿಗಳು ದಿನಗಟ್ಟಲೆ ನೀಲಿಯಾಗಲಿಲ್ಲ. ಸಣ್ಣ ವಿಷಯ ಎನ್ನಬಹುದು. ನನಗೆ ಮಾತ್ರ ಆ ಓಣಿಯಲ್ಲಿ ನಡೆಯುವಾಗ ಏನೋ ಕೆಟ್ಟುಹೋದ ಹಾಗೆ ಅನ್ನಿಸುತ್ತಿತ್ತು.

ಕೊನೆಗೆ ಅವ್ವಾರಿಂದ ಹೇಳಿಕೆ ಬಂತು: ಟೀವಿ ಕೆಟ್ಟಿದೆ, ಅವನನ್ನು ಕರಕೊಂಡು ಬಾ. ಕೆಟ್ಟಿದೆ ಎಂದ ಮೇಲೆ ಮಾವ ಇಲ್ಲ ಎನ್ನಲಾರ. ತಾನೇ ಕೆಡಿಸಿದ್ದು ಎಂಬ ಲೆಕ್ಕ ಅವನದು. ತಲೆ ತಗ್ಗಿಸಿಕೊಂಡು ಬಂದ. ಪರದೆಯ ಮುಂದೆ ಕೂತ. ಬಣ್ಣದ ಪಟ್ಟಿಗಳು ಬಂದಿದ್ದವು, ಟೀವಿಗೆ ಏನೂ ಆಗಿರಲಿಲ್ಲ. ಮುಚ್ಚಳ ತೆಗೆದು, ಹೊಸ ಕಣ್ಣನ್ನು ಗುಂಡಿಯ ಹತ್ತಿರಕ್ಕೆ ತಂದ. ಒಂದು ಕಡೆ ಕೆಂಪು ಚುಕ್ಕೆ, ಇನ್ನೊಂದು ಕಡೆ ಬಿಳಿ ಗೆರೆ. ಗೆರೆ ಹೊಸದು, ಅವತ್ತೇ ಎಳೆದದ್ದು. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಕುಂಕುಮ ನಿಮ್ದು. ಈಬತ್ತಿ ನಂದು. ಹೌದಲ್ರೀ ಅವ್ವಾರ?"

"ಎರಡೂ ನಿಂದ," ಎಂದರು ಅವ್ವಾರು. "ಕುಂಕುಮ ಮೊದಲನೇ ದಿವಸ ನೀ ನಿಲ್ಲಿಸಿದ ಜಾಗಾ. ಅದನ್ನ ಯಾರೂ ಮುಟ್ಟಿಲ್ಲ. ಈಬತ್ತಿ ಆಮ್ಯಾಲಿಂದು."

"ಯಾವಾಗಿನ್ದ?"

"ನಿನ್ನ ಧೋತರ ನೀಲಿ ಆದಾಗಿಂದ."

ಸಾಹುಕಾರರು ನಗು ತಡೆಯಲು ಗೋಡೆ ಕಡೆ ತಿರುಗಿದರು. ಮಾವ ನಗಲಿಲ್ಲ. "ಹಿಂಗ ದಿನಾ ಹಚ್ಚತೀರಿ?"

"ದಿನಾ ಪೂಜಿ ಆದಮ್ಯಾಲೆ ಹಚ್ಚತೀನಿ. ಅಳಸಿ ಹೋಗತದ ಅದು. ನೀ ಬರಾಕತ್ತಿಲ್ಲ ಅಂತ ಬಿಡಾಕ ಆಗತದೇನು? ಹಚ್ಚಾಕತ್ತೀನಿ."

ಮಾವ ಒಂದು ವಿಭೂತಿಗಟ್ಟಿ ಕೇಳಿದ. ಅವ್ವಾರು ದೇವರ ಮುಂದಿನದನ್ನೇ ತಂದು ಕೊಟ್ಟರು. ಅದನ್ನು ಬಿಳಿ ಪಟ್ಟಿಯ ಪಕ್ಕಕ್ಕೆ ಹಿಡಿದು, ಪೊರೆಯ ಕಣ್ಣನ್ನು ಅಂಗೈಯಿಂದ ಮುಚ್ಚುವಂತೆ ನನಗೆ ಹೇಳಿ, ಹಳೆಯ ದಿನಗಳ ಹಾಗೆ ಎಳೆ ಎಳೆಯಾಗಿ ಗುಂಡಿ ತಿರುಗಿಸಿದ. ನಿಲ್ಲಿಸಿದ. ನಾನು ಬಾಗಿ ನೋಡಿದೆ. ಗುಂಡಿ ಕುಂಕುಮದ ಚುಕ್ಕೆಯ ಮೇಲೇ ನಿಂತಿತ್ತು.

"ಹಂಗಾರ ಇನ್ನ ಇದು ಬ್ಯಾಡ," ಎಂದು ಅವ್ವಾರು ಸೆರಗಿನಿಂದ ಬಿಳಿ ಗೆರೆ ಒರೆಸಲು ಬಗ್ಗಿದರು.

ಮಾವ ಗುಂಡಿಗೆ ಕೈ ಅಡ್ಡ ಇಟ್ಟ. "ಇರ್ಲಿ ಬಿಡ್ರೀ ಅವ್ವಾರ," ಎಂದ. "ಇನ್ನೊಂದು ಕಣ್ಣು ಇನ್ನೂ ಹಳದೀನ ಅದ."

ಅವ್ವಾರು ಸೆರಗು ಹಿಂದಕ್ಕೆ ತೆಗೆದುಕೊಂಡರು. ಗೋಡೆಯ ಪಕ್ಕದ ಕುರ್ಚಿಯನ್ನು ತಾವೇ ಎಳೆದು ಅವನ ಹಿಂದೆ ಇಟ್ಟರು.

"ಹಂಗಾರ ಕುಂದ್ರು ತಮ್ಮಾ. ಇವತ್ತ ಈ ಕಣ್ಣಿಲೆ ನೋಡು. ನಾಳಿ ಆ ಕಣ್ಣಿಗೆ ಬಾ."